ಲಾಡ್ಜ್ ಸೇರಬೇಕು ಅಂದ್ರೆ ಯಾರನ್ನ ಕೇಳಬೇಕು?

ಪ್ರಶ್ನೆ: ನನಗೆ 36 ವರ್ಷ. ಊರು ದಾವಣಗೆರೆ, ಬೆಂಗಳೂರಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ನಮ್ಮ ಹಳೇ ಮ್ಯಾನೇಜರ್ ಫ್ರೀಮೇಸನ್, ಅಂದರೆ ಆ ಹೆಸರಿನ ಹಳೇ ಸಂಘದ ಸದಸ್ಯರು ಅಂತ ಅವರು ರಿಟೈರ್ ಆದ ದಿನ ಗೊತ್ತಾಯಿತು. ಕುತೂಹಲಕ್ಕೆ ಮೊಬೈಲಿನಲ್ಲಿ ಹುಡುಕಿದೆ. ಎರಡೇ ದಿನಕ್ಕೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು: ಇಲ್ಯುಮಿನಾಟಿ-ಫ್ರೀಮೇಸನ್ ಸದಸ್ಯತ್ವ, ನೋಂದಣಿಗೆ 15,000 ರೂಪಾಯಿ, ಸೇರಿದ ತಿಂಗಳಲ್ಲೇ ಕಾರು. ದುಡ್ಡು ಕಳಿಸಿಲ್ಲ, ಆದರೆ ಆಸೆ ಹೋಗಿಲ್ಲ. ನಾನು ಓದಿದ್ದು ಕನ್ನಡ ಮೀಡಿಯಂ. ನನ್ನಂಥವರನ್ನು ಸೇರಿಸಿಕೊಳ್ಳುತ್ತಾರಾ? ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ? ಮನೆಯಲ್ಲಿ ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ.

ಉತ್ತರ: ಮೊದಲು ಆ ನಂಬರ್ ಬ್ಲಾಕ್ ಮಾಡಿ. ಮಾಡಿ ಬಂದು ಮುಂದಿನದು ಓದಿ.

ಇಲ್ಯುಮಿನಾಟಿ ಅನ್ನುವ ಸಂಘ ಇದ್ದಿದ್ದು ನಿಜ. 1776ರ ಮೇ 1ರಂದು ಬವೇರಿಯಾದಲ್ಲಿ ಆಡಂ ವೈಸ್‌ಹೌಪ್ಟ್ ಅನ್ನುವ ಪ್ರೊಫೆಸರ್ ಅದನ್ನು ಶುರು ಮಾಡಿದರು. ಹತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಸರ್ಕಾರ ನಿಷೇಧ ಹಾಕಿ ಮುಚ್ಚಿಸಿತು. ಅಷ್ಟು ಹಿಂದೆ ಬಾಗಿಲು ಹಾಕಿದ ಅಂಗಡಿ ಈಗ ನಿಮಗೆ ಯುಪಿಐ ಐಡಿ ಕಳಿಸುತ್ತಿದೆ ಅಂದರೆ ಏನರ್ಥ, ನೀವೇ ಯೋಚಿಸಿ. ಫ್ರೀಮೇಸನ್ನರ ಲಾಡ್ಜ್ ಯಾವತ್ತೂ ಗೊತ್ತಿಲ್ಲದವರಿಗೆ ಮೆಸೇಜ್ ಕಳಿಸಿ ಕರೆಯುವುದಿಲ್ಲ, ಮುಖ ನೋಡದೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾರಂತೂ ಕೊಡುವುದೇ ಇಲ್ಲ. ನಿಮ್ಮ ಪರಿಚಯದವರು ಯಾರಾದರೂ ಇಂಥದ್ದಕ್ಕೆ ದುಡ್ಡು ಹಾಕಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಲು ಹೇಳಿ. ಸೈಬರ್ ಮೋಸದ ದೂರು ತೆಗೆದುಕೊಳ್ಳುವ ನಂಬರ್ ಅದು.

ಈಗ ನನ್ನ ವಿಷಯ. ಬೆಂಗಳೂರಿನ ಒಂದು ಲಾಡ್ಜಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸದಸ್ಯ. ಆರು ವರ್ಷ ಕಾರ್ಯದರ್ಶಿಯೂ ಆಗಿದ್ದೆ. ಕಾರ್ಯದರ್ಶಿ ಅಂದರೆ ಲೋಕ ಆಳುವ ಗುಟ್ಟು ಕೈಯಲ್ಲಿರುವವನು ಅಂದುಕೊಳ್ಳಬೇಡಿ. ಚಂದಾ ಬಾಕಿ ಇರುವವರಿಗೆ ನೆನಪು ಮಾಡುವವನು, ಶನಿವಾರದ ಊಟಕ್ಕೆ ಎಷ್ಟು ಎಲೆ ಅಂತ ಅಡುಗೆಯವರಿಗೆ ಹೇಳುವವನು.

ನಿಮ್ಮ ಮನೆಯವರ ಆತಂಕಕ್ಕೆ ಅರ್ಧ ಕಾರಣ ಆ ಪದವೇ ಇರಬೇಕು. ನಮ್ಮ ಕಡೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರಿಗಿರುವ ರೂಮು ಬಾಡಿಗೆಯ ಕಟ್ಟಡ. "ತಿಂಗಳಿಗೊಂದು ಸಲ ಲಾಡ್ಜ್‌ಗೆ ಹೋಗಿಬರ್ತೀನಿ" ಅಂತ ಗಂಡ ಹೇಳಿದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನಾನು ಸೇರಿದ ಹೊಸದರಲ್ಲಿ ನಮ್ಮಮ್ಮ ಊರಲ್ಲಿ ಯಾರೋ ಕೇಳಿದ್ದಕ್ಕೆ "ಮಗ ಲಾಡ್ಜ್ ಇಟ್ಟಿದಾನೆ" ಅಂದುಬಿಟ್ಟಿದ್ದರು. ಇಲ್ಲಿ ಲಾಡ್ಜ್ ಅಂದರೆ ಕಟ್ಟಡ ಅಲ್ಲ, ಜನ. ಒಟ್ಟಿಗೆ ಸೇರುವ ಇಪ್ಪತ್ತು, ಮೂವತ್ತು, ಐವತ್ತು ಜನರ ಒಂದು ಗುಂಪು. ಒಂದೇ ಕಟ್ಟಡದಲ್ಲಿ ಬೇರೆ ಬೇರೆ ದಿನ ಬೇರೆ ಬೇರೆ ಲಾಡ್ಜ್ ಸೇರುವುದು ಮಾಮೂಲಿ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೇಸನ್ ಅಂದರೆ ಗಾರೆ ಕೆಲಸದವನು, ಕಲ್ಲು ಕೆಲಸದವನು. ಹಳೇ ಕಾಲದ ಕಲ್ಲುಕುಟಿಗರ ಕೂಟಗಳಿಂದ ನಾವು ಬಂದೆವು ಅನ್ನುವುದು ಫ್ರೀಮೇಸನ್ನರು ಹೇಳಿಕೊಳ್ಳುವ ಕಥೆ. ಅದರಲ್ಲಿ ಎಷ್ಟು ನಿಜ ಅನ್ನುವ ಬಗ್ಗೆ ಇತಿಹಾಸ ಬರೆಯುವವರಲ್ಲಿ ಜಗಳ ಇದೆ. 1717ರ ಜೂನ್ 24ರಂದು ಲಂಡನ್ನಿನ ಗೂಸ್ ಅಂಡ್ ಗ್ರಿಡೈರನ್ ಅನ್ನುವ ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜಿನವರು ಕೂಡಿ ತಮ್ಮೆಲ್ಲರ ಮೇಲೊಂದು ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡರು ಅಂತ ಸಂಘ ಲೆಕ್ಕ ಇಡುತ್ತದೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಬರೆದ ನಿಯಮದ ಪುಸ್ತಕ ಅಚ್ಚಾಯಿತು. ಈಗಲೂ ಬಹಳಷ್ಟು ಪದ್ಧತಿ ಅದರ ಜಾಡಿನಲ್ಲೇ ಇದೆ.

ಗಾರೆ ಕೆಲಸ ಯಾರೂ ಮಾಡುವುದಿಲ್ಲ, ಸಾಮಾನು ಮಾತ್ರ ಅದೇ. ಮೂಲೆಮಟ್ಟ, ಕೈವಾರ, ರಸಮಟ್ಟ, ತೂಕದ ಗುಂಡು, ಉಳಿ, ಸುತ್ತಿಗೆ. ಒಂದೊಂದಕ್ಕೂ ಒಂದು ಅರ್ಥ. ಮೊದಲ ಹಂತದವನಿಗೆ 24 ಇಂಚಿನ ಅಳತೆಪಟ್ಟಿ ತೋರಿಸುತ್ತಾರೆ. ದಿನಕ್ಕೆ 24 ಗಂಟೆ, ಅದನ್ನು ಹೇಗೆ ಹಂಚಿಕೊಳ್ಳುತ್ತೀಯ ಅಂತ ಪ್ರಶ್ನೆ. ಕೋಣೆಯಲ್ಲಿ ಎರಡು ಕಲ್ಲು ಇಟ್ಟಿರುತ್ತಾರೆ. ಒಂದು ಒರಟು ಕಲ್ಲು, ಇನ್ನೊಂದು ನಯ ಮಾಡಿದ್ದು. ನೀನು ಮೊದಲನೆಯದು, ಎರಡನೆಯದು ಆಗಬೇಕು, ಅಷ್ಟೇ ಪಾಠ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಒಬ್ಬರು ದಾರಕ್ಕೆ ಗುಂಡು ಕಟ್ಟಿ ಗೋಡೆಗೆ ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಗೋಡೆ ನೆಟ್ಟಗಿದ್ಯಾ ಅಂತ ಗೋಡೇನ ಕೇಳಬಾರದು ಸಾರ್, ಗುಂಡನ್ನ ಕೇಳಬೇಕು" ಅಂದರು. ಲಾಡ್ಜಿನ ಎರಡನೇ ಹಂತದಲ್ಲಿ ಅರ್ಧ ಗಂಟೆ ಹೇಳುವ ಮಾತನ್ನು ಅವರು ಬೀಡಿ ಹಚ್ಚಿಕೊಳ್ಳುತ್ತಾ ಹೇಳಿ ಮುಗಿಸಿದ್ದರು.

ಹಂತಗಳು ಒಟ್ಟು ಮೂರು: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ನಿಮ್ಮ ಕಂಪನಿಯಲ್ಲಿ ಐಟಿಐ ಮುಗಿಸಿ ಬರುವ ಹುಡುಗರು ಅಪ್ರೆಂಟಿಸ್ ಆಗಿ ಸೇರುತ್ತಾರಲ್ಲ, ಹಾಗೆ. ಮೂವತ್ತಮೂರನೇ ಡಿಗ್ರಿ ಅಂತೆಲ್ಲ ಕೇಳಿರುತ್ತೀರಿ. ಅದು ಇದರಾಚೆಗಿನ ಬೇರೆ ಕೂಟ. ಈಗ ಅದರ ಗೊಡವೆ ಬೇಡ.

ಭಾರತಕ್ಕೆ ಇದು ಬಂದಿದ್ದು ಈಸ್ಟ್ ಇಂಡಿಯಾ ಕಂಪನಿಯವರ ಜೊತೆಗೆ. ಕಲ್ಕತ್ತಾದ ಫೋರ್ಟ್ ವಿಲಿಯಂನಲ್ಲಿ 1730ರ ಹೊತ್ತಿಗೇ ಲಾಡ್ಜ್ ಇತ್ತು. ಸೈನ್ಯ ಹೋದಲ್ಲೆಲ್ಲ ಲಾಡ್ಜ್ ಹೋಯಿತು. ನಮ್ಮ ಬೆಂಗಳೂರಿನ ದಂಡಿಗೂ ಅದು ಬಂದಿದ್ದು ಹಾಗೆಯೇ. ಬಾಗಿಲು ಮುಚ್ಚಿಕೊಂಡು ಬಿಳಿಯರು ಒಳಗೆ ಏನೋ ಮಾಡುತ್ತಾರೆ ಅಂತ ಉತ್ತರದ ಊರುಗಳಲ್ಲಿ ಜನ ಅದನ್ನು ಜಾದೂಘರ್ ಅಂತ ಕರೆದರು, ಕೆಲವು ಕಡೆ ಭೂತಬಂಗಲೆ ಅಂತಲೂ. ಮೊದಲು ಭಾರತೀಯರಿಗೆ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. ಹಿಂದೂಗಳನ್ನು ಸೇರಿಸಿಕೊಳ್ಳಲು ಕಲ್ಕತ್ತಾದವರು ತುಂಬಾ ಮೀನ ಮೇಷ ಎಣಿಸಿದರು. ಪ್ರಸನ್ನಕುಮಾರ ದತ್ತ ಅನ್ನುವವರು ವರ್ಷಗಟ್ಟಲೆ ಹಠ ಹಿಡಿದ ಮೇಲೆ 1872ರಲ್ಲಿ ಅವರಿಗೆ ಪ್ರವೇಶ ಸಿಕ್ಕಿತು. ಅದಾಗಿ ಹನ್ನೆರಡು ವರ್ಷಕ್ಕೆ, 1884ರ ಫೆಬ್ರವರಿ 19ರಂದು, ಅದೇ ಊರಿನ ಆಂಕರ್ ಅಂಡ್ ಹೋಪ್ ಲಾಡ್ಜಿಗೆ ನರೇಂದ್ರನಾಥ ದತ್ತ ಅನ್ನುವ 21 ವರ್ಷದ ಹುಡುಗ ಸೇರಿದ. ಮುಂದೆ ಸ್ವಾಮಿ ವಿವೇಕಾನಂದರಾದವರು ಅವರೇ. ಈ ಹೆಸರನ್ನು ನಮ್ಮವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ನನಗೆ ಅದು ಸ್ವಲ್ಪ ಜಾಸ್ತಿ ಅನಿಸುತ್ತದೆ. ವಿವೇಕಾನಂದರನ್ನು ವಿವೇಕಾನಂದರನ್ನಾಗಿ ಮಾಡಿದ್ದು ಲಾಡ್ಜ್ ಅಲ್ಲ.

1961ರ ನವೆಂಬರ್ 24ರಂದು ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಶುರುವಾಯಿತು. ರಾಂಪುರದ ನವಾಬ ಸೈಯದ್ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್, ಅಂದರೆ ಅದರ ಮುಖ್ಯಸ್ಥ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಕೆಳಗಿದ್ದ ಲಾಡ್ಜುಗಳಿಗೆ ಬೇಕಿದ್ದರೆ ಇಲ್ಲಿಗೆ ಬನ್ನಿ, ಬೇಡದಿದ್ದರೆ ಅಲ್ಲೇ ಇರಿ ಅಂತ ಆಯ್ಕೆ ಕೊಟ್ಟರು. ಬಹಳಷ್ಟು ಬಂದವು, ಕೆಲವು ಹಳೇ ಮನೆಯಲ್ಲೇ ಉಳಿದವು. ಹೀಗಾಗಿ ಈಗಲೂ ಒಂದೇ ಊರಿನಲ್ಲಿ ಭಾರತದ ಲಾಡ್ಜೂ ಸಿಗಬಹುದು, ಇಂಗ್ಲೆಂಡಿನದೂ ಸಿಗಬಹುದು. ಎರಡೂ ಒಂದನ್ನೊಂದು ಒಪ್ಪುತ್ತವೆ, ಹೋಗಿಬರುವುದು ಇದೆ. ಗ್ರ್ಯಾಂಡ್ ಲಾಡ್ಜಿನ ಕಚೇರಿ ದೆಹಲಿಯ ಜನಪಥದಲ್ಲಿದೆ. ಅದರ ಕೆಳಗೆ ನಾಲ್ಕು ವಲಯ. ಕರ್ನಾಟಕ ಬರುವುದು ದಕ್ಷಿಣ ವಲಯಕ್ಕೆ, ಅದರ ಕಚೇರಿ ಚೆನ್ನೈನಲ್ಲಿ.

ಸರಿ, ಸೇರುವುದು ಹೇಗೆ? ಕೇಳಬೇಕು. ಅಷ್ಟೇ. ನೀವು ಕೇಳದೆ ಯಾರೂ ಕರೆಯುವುದಿಲ್ಲ. ನಮ್ಮ ಮದುವೆ ಊಟದ ಹಾಗೆ ಎರಡು ಸಲ ಬಲವಂತ ಮಾಡುವ ಪದ್ಧತಿಯೂ ಇಲ್ಲ. ನಿಮ್ಮ ಮ್ಯಾನೇಜರ್ ಅಷ್ಟು ವರ್ಷ ಪಕ್ಕದಲ್ಲೇ ಇದ್ದು ಬಾಯಿ ಬಿಡಲಿಲ್ಲ ಅಂತ ಬೇಜಾರು ಬೇಡ, ಅದು ರೂಢಿ. ಈಗ ಅವರಿಗೆ ಫೋನ್ ಮಾಡಿ, "ಸರ್, ನಿಮ್ಮ ಲಾಡ್ಜ್ ಬಗ್ಗೆ ತಿಳ್ಕೋಬೇಕಿತ್ತು" ಅನ್ನಿ. ಮುಂದಿನದು ಅವರು ನೋಡಿಕೊಳ್ಳುತ್ತಾರೆ. ಹಾಗೆ ಯಾರೂ ಪರಿಚಯ ಇಲ್ಲದವರು ಗ್ರ್ಯಾಂಡ್ ಲಾಡ್ಜಿಗೋ ವಲಯದ ಕಚೇರಿಗೋ ಬರೆದರೆ ಹತ್ತಿರದ ಲಾಡ್ಜಿಗೆ ದಾಟಿಸುತ್ತಾರೆ. ಅದು ನಿಧಾನ. ಉತ್ತರ ಬರುವುದು ತಡವಾದರೆ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ಕೂತಿರುವವರೂ ಪುರುಸೊತ್ತಿನಲ್ಲಿ ಕೆಲಸ ಮಾಡುವವರೇ.

ಅರ್ಹತೆ ಉದ್ದ ಪಟ್ಟಿ ಏನಲ್ಲ. ಗಂಡಸಾಗಿರಬೇಕು, 21 ದಾಟಿರಬೇಕು, ನಡತೆ ಒಳ್ಳೆಯದಿರಬೇಕು, ಯಾವುದೋ ಒಂದು ರೂಪದಲ್ಲಿ ದೇವರನ್ನು ನಂಬಬೇಕು. ಯಾವ ದೇವರು ಅಂತ ಕೇಳುವುದಿಲ್ಲ. ಲಾಡ್ಜಿನ ಭಾಷೆಯಲ್ಲಿ ದೇವರಿಗೆ ಜಗತ್ತಿನ ಮಹಾಶಿಲ್ಪಿ ಅನ್ನುವ ಅರ್ಥದ ಹೆಸರಿದೆ. ವಿಶ್ವಕರ್ಮನ ಹೆಸರು ಕೇಳಿ ಬೆಳೆದ ನಮಗೆ ಇದು ವಿಚಿತ್ರ ಅನಿಸಬೇಕಿಲ್ಲ. ಪ್ರಮಾಣವನ್ನು ಅವರವರ ಧರ್ಮಗ್ರಂಥದ ಮೇಲೆ ಮಾಡುತ್ತಾರೆ. ನಮ್ಮಲ್ಲಿ ಪೀಠದ ಮೇಲೆ ಗೀತೆ, ಕುರಾನ್, ಬೈಬಲ್ ಜೊತೆಜೊತೆಗೆ ತೆರೆದಿರುತ್ತವೆ. ಮೊದಲ ಸಲ ಅದನ್ನು ನೋಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಒಳಗೆ ಧರ್ಮದ ಚರ್ಚೆ ಇಲ್ಲ, ರಾಜಕೀಯದ ಮಾತಂತೂ ಇಲ್ಲವೇ ಇಲ್ಲ. ಚುನಾವಣೆ ಹೊತ್ತಿನಲ್ಲಿ ಎರಡು ಗಂಟೆ ಆ ಮಾತು ಕೇಳದೆ ಕೂರುವುದು ಎಷ್ಟು ಹಾಯಾಗಿರುತ್ತದೆ ಅಂತ ಹೇಳಿದರೆ ತಿಳಿಯುವುದಿಲ್ಲ.

ದೇವರಿಲ್ಲ ಅನ್ನುವವರು ಸುಳ್ಳು ಹೇಳಿ ಸೇರಬಾರದು. ಗ್ರ್ಯಾಂಡ್ ಓರಿಯೆಂಟ್ ಅನ್ನುವ ಫ್ರಾನ್ಸಿನ ಗ್ರ್ಯಾಂಡ್ ಲಾಡ್ಜ್ 1877ರಲ್ಲೇ ಆ ಷರತ್ತು ಕೈಬಿಟ್ಟಿತು, ಅದಕ್ಕೇ ಇಂಗ್ಲೆಂಡಿನವರು ಅವರ ಜೊತೆ ಸಂಬಂಧ ಕಡಿದುಕೊಂಡರು. ಹೆಂಗಸರೂ ಗಂಡಸರೂ ಕೂಡಿ ಸೇರುವ ಬೇರೆ ಶಾಖೆಯೂ ಇದೆ, 1893ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಗಿದ್ದು. ಆನಿ ಬೆಸೆಂಟ್ 1902ರಲ್ಲಿ ಅದಕ್ಕೆ ಸೇರಿ ಭಾರತಕ್ಕೆ ತಂದರು. ನಮ್ಮ ಗ್ರ್ಯಾಂಡ್ ಲಾಡ್ಜ್ ಅದನ್ನು ಒಪ್ಪುವುದಿಲ್ಲ. ಈ ಕಾಲದಲ್ಲೂ ಹೀಗೇಕೆ ಅಂತ ಮಗಳು ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಮಂಗಳೂರು ಕಡೆಯ ಕ್ಯಾಥೊಲಿಕ್ ಓದುಗರಿಗೆ ಒಂದು ಮಾತು. ಪೋಪ್ ಹನ್ನೆರಡನೇ ಕ್ಲೆಮೆಂಟ್ 1738ರಲ್ಲೇ ಇದನ್ನು ನಿಷೇಧಿಸಿದ್ದರು. 1983ರಲ್ಲಿ ಚರ್ಚಿನ ಕಾನೂನು ಹೊಸದಾಗಿ ಬರೆದಾಗ ಫ್ರೀಮೇಸನ್ ಅನ್ನುವ ಹೆಸರು ಬಿಟ್ಟುಹೋಯಿತು, ಹಾಗಾಗಿ ಈಗ ಸಡಿಲವಾಗಿದೆ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಅದೇ ವರ್ಷದ ನವೆಂಬರ್ 26ರಂದು ನಿಷೇಧ ಹಾಗೇ ಇದೆ ಅಂತ ವ್ಯಾಟಿಕನ್ ಹೇಳಿತು, 2023ರಲ್ಲಿ ಮತ್ತೊಮ್ಮೆ ಹೇಳಿತು. ಲಾಡ್ಜ್ ಕ್ಯಾಥೊಲಿಕರಿಗೆ ಬೇಡ ಅನ್ನುವುದಿಲ್ಲ. ಬೇಡ ಅನ್ನುವುದು ಚರ್ಚು. ಅದನ್ನು ತಿಳಿದುಕೊಂಡೇ ತೀರ್ಮಾನ ಮಾಡಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ನೀವು ಸೇರುವುದು ಮುನ್ನೂರು ವರ್ಷದ ಜಗತ್ಪ್ರಸಿದ್ಧ ಸಂಘಕ್ಕಲ್ಲ, ಒಂದು ಲಾಡ್ಜಿಗೆ. ಆ ಮೂವತ್ತು ಜನಕ್ಕೆ. ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಯಾರೋ ಪರಿಚಯದವರು ಇದ್ದಾರೆ ಅಂತ ಕಣ್ಣುಮುಚ್ಚಿ ಅವರ ಲಾಡ್ಜಿಗೇ ಸೇರುತ್ತಾರೆ. ಎರಡು ವರ್ಷ ಆದ ಮೇಲೆ ಬರುವುದು ನಿಲ್ಲಿಸುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಅಂಥ ಹೆಸರು ಎಷ್ಟೋ ಇದ್ದವು.

ಲಾಡ್ಜ್ ಲಾಡ್ಜಿಗೂ ಗುಣ ಬೇರೆ. ಕೆಲವು ಕಡೆ ಎಲ್ಲರೂ ನಿವೃತ್ತ ಅಧಿಕಾರಿಗಳು, ಶಿಸ್ತು ಜಾಸ್ತಿ, ನಗು ಕಡಿಮೆ. ಕೆಲವು ಕಡೆ ವ್ಯಾಪಾರಸ್ಥರು, ಊಟ ಜೋರು. ಕೆಲವು ಲಾಡ್ಜಿನಲ್ಲಿ ಹಾಜರಿ ಎಂಟು ಜನ ದಾಟುವುದಿಲ್ಲ, ಅಂಥ ಕಡೆ ನೀವು ಸೇರಿದ ಮೂರನೇ ವರ್ಷಕ್ಕೇ ಯಾವುದೋ ಹುದ್ದೆ ಕೊರಳಿಗೆ ಬೀಳುತ್ತದೆ. ಅದಕ್ಕೇ ಅರ್ಜಿ ಹಾಕುವ ಮುಂಚೆ ನಾಲ್ಕೈದು ತಿಂಗಳು ಅವರ ಜೊತೆ ಬೆರೆಯಿರಿ. ಸಭೆಗೆ ಹೊರಗಿನವರು ಹೋಗುವ ಹಾಗಿಲ್ಲ, ಆದರೆ ಸಭೆ ಮುಗಿದ ಮೇಲಿನ ಊಟಕ್ಕೆ, ಕುಟುಂಬದ ಕೂಟಕ್ಕೆ, ಅವರು ನಡೆಸುವ ಆರೋಗ್ಯ ಶಿಬಿರಕ್ಕೆ ಹೋಗಬಹುದು. ಯಾರು ತಟ್ಟೆ ಎತ್ತಿಡುತ್ತಾರೆ, ಅಡುಗೆಯವರನ್ನು ಹೇಗೆ ಮಾತಾಡಿಸುತ್ತಾರೆ, ವಯಸ್ಸಾದವರನ್ನು ಮನೆಗೆ ಬಿಡಲು ಯಾರು ಕಾರು ತೆಗೆಯುತ್ತಾರೆ, ನೋಡಿ. ಅದನ್ನು ನೋಡಿದರೆ ಸಾಕು, ಪೀಠ ಕಂಬದ ಅರ್ಥವೆಲ್ಲ ಆಮೇಲೆ ಕಲಿಯಬಹುದು. ಸಭೆ ಯಾವ ವಾರ, ಎಷ್ಟು ಹೊತ್ತಿಗೆ ಅನ್ನುವುದನ್ನೂ ಕೇಳಿ. ನೀವಿರುವುದು ಪೀಣ್ಯದ ಕಡೆ ಆದರೆ, ಸಭೆ ವಾರದ ನಡುವೆ ಸಂಜೆ ಆರಕ್ಕೆ ದಂಡಿನ ಕಡೆ ಇದ್ದರೆ, ಒಂದು ವರ್ಷದಲ್ಲಿ ನೀವು ಸೋತುಹೋಗುತ್ತೀರಿ. ಇದು ಟ್ರಾಫಿಕ್ಕಿನ ಮಾತು, ಆಧ್ಯಾತ್ಮದ ಮಾತಲ್ಲ.

ಖರ್ಚಿನ ಬಗ್ಗೆ ನಾಚಿಕೆ ಬಿಟ್ಟು ಕೇಳಿ. ಪ್ರವೇಶ ಶುಲ್ಕ ಒಂದು ಸಲ, ಚಂದಾ ವರ್ಷಕ್ಕೊಂದು ಸಲ. ಇವೆರಡನ್ನು ಎಲ್ಲರೂ ಹೇಳುತ್ತಾರೆ. ಮರೆಯುವುದು ಮಿಕ್ಕಿದ್ದನ್ನು: ಪ್ರತಿ ಸಭೆಯ ಊಟದ ಪಾಲು, ಸೊಂಟಕ್ಕೆ ಕಟ್ಟುವ ಏಪ್ರನ್, ಬಿಳಿ ಕೈಗವಸು, ಕಪ್ಪು ಸೂಟು, ಸಭೆಯ ಕೊನೆಗೆ ಸುತ್ತು ಬರುವ ದಾನದ ಚೀಲ. ದರ ಲಾಡ್ಜಿಗೊಂದು ಥರ. ಒಂದು ವರ್ಷಕ್ಕೆ ಎಲ್ಲಾ ಸೇರಿ ಎಷ್ಟಾಗುತ್ತದೆ ಅಂತ ಕಾರ್ಯದರ್ಶಿಯಿಂದ ಬರೆಸಿಕೊಳ್ಳಿ. ಮನೆ ಸಾಲದ ಕಂತು, ಮಕ್ಕಳ ಫೀಸು ಕಟ್ಟಿದ ಮೇಲೆ ಉಳಿಯುವುದರಲ್ಲಿ ಇದು ಬಂದರೆ ಮಾತ್ರ ಮುಂದುವರಿಯಿರಿ. ಮನೆಗೆ ತೊಂದರೆ ಮಾಡಿಕೊಂಡು ಬಾ ಅಂತ ಲಾಡ್ಜೂ ಹೇಳುವುದಿಲ್ಲ.

ಅರ್ಜಿಗೆ ಇಬ್ಬರು ಸದಸ್ಯರ ಸಹಿ ಬೇಕು, ಒಬ್ಬರು ಸೂಚಿಸುವವರು, ಇನ್ನೊಬ್ಬರು ಅನುಮೋದಿಸುವವರು. ಆಮೇಲೆ ಎರಡು ಮೂರು ಜನ ಬಂದು ನಿಮ್ಮನ್ನು ಮಾತಾಡಿಸುತ್ತಾರೆ. ನಮ್ಮ ಲಾಡ್ಜಿನಲ್ಲಿ ಮನೆಗೇ ಹೋಗುತ್ತಿದ್ದೆವು, ಹೆಂಡತಿಯೂ ಕೂತಿರಬೇಕು ಅಂತ ಹೇಳಿಯೇ ಹೋಗುತ್ತಿದ್ದೆವು. ಒಂದು ಸಲ ಮಲ್ಲೇಶ್ವರದ ಮನೆಯೊಂದರಲ್ಲಿ ನಾವು ಮೂವರು ಗಂಭೀರವಾಗಿ ಕೂತು ಸಂಘದ ತತ್ವ ಹೇಳುತ್ತಿದ್ದೆವು. ಆ ತಾಯಿ ಉಪ್ಪಿಟ್ಟಿನ ತಟ್ಟೆ ಇಟ್ಟು, "ಅದೆಲ್ಲ ಸರಿ, ಕುಡಿಯೋದಿದೆಯಾ?" ಅಂದರು. ಅಷ್ಟು ವರ್ಷದಲ್ಲಿ ನನಗೆ ಯಾರಾದರೂ ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಉತ್ತರ: ಸಭೆಯ ಒಳಗೆ ಇಲ್ಲ, ಊಟದ ಹೊತ್ತಿಗೆ ಬಹಳಷ್ಟು ಲಾಡ್ಜಿನಲ್ಲಿ ಇದೆ, ಬಲವಂತ ಇಲ್ಲ. ನಾನು ಇಷ್ಟು ವರ್ಷ ಮೂಸಂಬಿ ಜ್ಯೂಸಿನಲ್ಲೇ ಕಾಲ ಹಾಕಿದ್ದೇನೆ. ಅವರ ಯಜಮಾನರು ಈಗ ನಮ್ಮ ಖಜಾಂಚಿ.

ಆಮೇಲೆ ಮತ. ಇದು ಹಳೇ ಕಾಲದ್ದೇ. ಒಂದು ಮರದ ಪೆಟ್ಟಿಗೆ, ಕೈ ಹೋಗುವಷ್ಟು ತೂತು. ಬಿಳಿ ಗುಂಡು ಹಾಕಿದರೆ ಹೂಂ, ಕರಿ ಗುಂಡು ಹಾಕಿದರೆ ಊಹೂಂ. ಯಾರ ಕೈಯಲ್ಲಿ ಯಾವುದಿತ್ತು ಅಂತ ಯಾರಿಗೂ ತಿಳಿಯುವುದಿಲ್ಲ. ಇಂಗ್ಲೆಂಡಿನ ನಿಯಮದಲ್ಲಿ ಮೂರು ಕರಿ ಗುಂಡು ಬಿದ್ದರೆ ಅರ್ಜಿ ಬಿದ್ದ ಹಾಗೆ, ಲಾಡ್ಜ್ ಬೇಕಾದರೆ ಅದಕ್ಕಿಂತ ಕಡಿಮೆಯೂ ಇಟ್ಟುಕೊಳ್ಳಬಹುದು. ಕಾರಣ ಕೇಳುವ ಹಾಗಿಲ್ಲ. ಒಬ್ಬ ಒಳ್ಳೆಯ ಮನುಷ್ಯನಿಗೆ ನಮ್ಮಲ್ಲಿ ಹೀಗಾಯಿತು. ಅವರು ಫೋನ್ ಮಾಡಿ "ನಾನೇನು ತಪ್ಪು ಮಾಡಿದೆ?" ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಅವರು ನಂಬಲೂ ಇಲ್ಲ. ಮೂವತ್ತು ಜನ ಒಟ್ಟಿಗೆ ಕೂರಬೇಕಾದ ಕಡೆ ಒಬ್ಬನಿಗೆ ಕಷ್ಟ ಆದರೂ ಅದಕ್ಕೆ ಬೆಲೆ ಕೊಡಬೇಕು ಅನ್ನುವುದು ಇದರ ಹಿಂದಿನ ಲೆಕ್ಕ. ಲೆಕ್ಕ ನನಗೆ ಅರ್ಥವಾಗುತ್ತದೆ. ಆ ಫೋನ್ ಕರೆ ಮಾತ್ರ ಇನ್ನೂ ಚುಚ್ಚುತ್ತದೆ.

ನಿಮ್ಮ ಕನ್ನಡ ಮೀಡಿಯಂ ಪ್ರಶ್ನೆಗೆ ಬರುತ್ತೇನೆ. ಸೇರಿಸಿಕೊಳ್ಳುತ್ತಾರಾ ಅಂದರೆ, ಖಂಡಿತ. ಕಷ್ಟ ಆಗುತ್ತದಾ ಅಂದರೆ, ಅದೂ ಖಂಡಿತ. ನಾನು ಕಂಡ ಹಾಗೆ ಇಲ್ಲಿನ ವಿಧಿಯೆಲ್ಲ ಇಂಗ್ಲಿಷಿನಲ್ಲಿ, ಅದೂ ಇನ್ನೂರು ಮುನ್ನೂರು ವರ್ಷದ ಹಳೇ ಇಂಗ್ಲಿಷ್. ಅದನ್ನು ನೋಡಿಕೊಂಡು ಓದುವ ಹಾಗಿಲ್ಲ, ಬಾಯಿಪಾಠ ಮಾಡಿಯೇ ಹೇಳಬೇಕು. ಎರಡನೇ ಹಂತಕ್ಕೆ ಹೋಗುವ ಮುಂಚೆ ನಿಮ್ಮನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಉತ್ತರ ಬಾಯಿಗೆ ಬಂದಿರಬೇಕು.

ನಾನೂ ಹಾಸನ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವನು. ಮೊದಲ ಸಲ ಒಂದು ಪುಟದ ಉಪದೇಶ ನನ್ನ ಪಾಲಿಗೆ ಬಂದಾಗ ಇಂಗ್ಲಿಷ್ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಚೀಟಿಗೆ ಬರೆದುಕೊಂಡೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮೂರು ವಾರ ಹೀಗೆ. ಸಭೆಯ ದಿನ ಚೆನ್ನಾಗಿ ಶುರು ಮಾಡಿ ಐದನೇ ಸಾಲಿಗೆ ನಿಂತುಬಿಟ್ಟೆ. ತಲೆ ಖಾಲಿ. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಯಾರೂ ಕೆಮ್ಮಲಿಲ್ಲ, ಯಾರೂ ನಗಲಿಲ್ಲ. ಕೆಳಗೆ ಕರಿ ಬಿಳಿ ಚೌಕದ ನೆಲ, ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಊರ ನಾಟಕದಲ್ಲಿ ಪರದೆ ಹಿಂದಿನಿಂದ ಮೇಷ್ಟ್ರು ಮಾತು ಎತ್ತಿಕೊಡುವ ಹಾಗೆ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಒಂದೇ ಒಂದು ಪದ ಅಂದರು. ಮಿಕ್ಕಿದ್ದು ಹರಿದು ಬಂತು. ಊಟದಲ್ಲಿ ಅವರ ಪಕ್ಕ ಕೂತು ಥ್ಯಾಂಕ್ಸ್ ಹೇಳಿದರೆ, "ಮುಂದಿನ ವರ್ಷ ಯಾರೋ ನಿಲ್ತಾರೆ, ಆಗ ನೀನು ಹೇಳ್ಕೊಡು" ಅಂದು ಸಾರಿಗೆ ಅನ್ನ ಕಲಸಿದರು. ನಿಮಗೂ ಅಂಥವರು ಸಿಗುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗರು ಓದಿದರೆ ಬರುತ್ತದೆ ಅಂತ ಉದಾಸೀನ ಮಾಡಿ ಮುಗ್ಗರಿಸುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಗುಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳುವಷ್ಟು ಏನೂ ಇಲ್ಲ. ಗುರುತಿನ ಕೆಲವು ಪದ, ಕೈ ಹಿಡಿಯುವ ರೀತಿ, ವಿಧಿಯ ಕೆಲವು ಭಾಗ. ಅದನ್ನೂ ಸ್ಯಾಮ್ಯುಯೆಲ್ ಪ್ರಿಚರ್ಡ್ ಅನ್ನುವವನು 1730ರಲ್ಲೇ ಲಂಡನ್ನಿನಲ್ಲಿ ಅಚ್ಚು ಹಾಕಿಸಿ ಮಾರಿದ್ದ. ಅದನ್ನು ಓದಿಕೊಂಡು ಬರಬೇಡಿ, ಸಿನಿಮಾದ ಕೊನೆ ಕೇಳಿಕೊಂಡು ಥಿಯೇಟರಿಗೆ ಹೋದ ಹಾಗಾಗುತ್ತದೆ. ಹಳೇ ಪ್ರಮಾಣವಚನದಲ್ಲಿ ಗುಟ್ಟು ಬಿಟ್ಟರೆ ಕುತ್ತಿಗೆ ಕೊಯ್ಯುವ ಶಿಕ್ಷೆಯ ಮಾತಿತ್ತು. ಹೆದರಿಸುವ ವಿಡಿಯೋಗಳಲ್ಲಿ ಅದನ್ನೇ ತೋರಿಸುತ್ತಾರೆ. ಆ ಮಾತನ್ನು ಇಂಗ್ಲೆಂಡಿನವರು 1986ರಲ್ಲಿ ಪ್ರಮಾಣದಿಂದ ತೆಗೆದರು. ಹಾಗಂತ ನಮ್ಮ ಚರಿತ್ರೆ ತೊಳೆದ ಮುತ್ತು ಅಂತ ನಾನು ಹೇಳುವುದಿಲ್ಲ. ಗುಟ್ಟು ಅಚ್ಚು ಹಾಕಿಸುತ್ತೇನೆ ಅಂದ ವಿಲಿಯಂ ಮಾರ್ಗನ್ ಅನ್ನುವವನು 1826ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣೆಯಾದ, ಮತ್ತೆ ಸಿಗಲೇ ಇಲ್ಲ. ಅವನನ್ನು ಅಪಹರಿಸಿದ್ದಕ್ಕೆ ಕೆಲವು ಮೇಸನ್ನರಿಗೆ ಜೈಲಾಯಿತು. ಅದರ ಸಿಟ್ಟಿಗೆ ಅಲ್ಲಿ ಒಂದು ರಾಜಕೀಯ ಪಕ್ಷವೇ ಹುಟ್ಟಿತು. ಇನ್ನೊಂದು ಕಡೆ, ಮೇಸನ್ನರು ಸೈತಾನನ ಪೂಜೆ ಮಾಡುತ್ತಾರೆ ಅಂತ ವರ್ಷಗಟ್ಟಲೆ ಬರೆದು ದುಡ್ಡು ಮಾಡಿದ ಲಿಯೋ ತಾಕ್ಸಿಲ್, 1897ರಲ್ಲಿ ಪ್ಯಾರಿಸ್ಸಿನಲ್ಲಿ ಜನ ಸೇರಿಸಿ ಅದೆಲ್ಲ ನಾನೇ ಕಟ್ಟಿದ ಕಥೆ ಅಂತ ಒಪ್ಪಿಕೊಂಡ. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಅದು ಈಗಲೂ ಓಡಾಡುತ್ತಿರಬಹುದು.

ಏನು ಉಪಯೋಗ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಕಾರಿನ ಮೆಸೇಜ್ ನೋಡಿದ ಮೇಲೂ ಆಸೆ ಹೋಗಿಲ್ಲ ಅಂದಿದ್ದೀರಿ. ವ್ಯಾಪಾರದ ಲಾಭಕ್ಕೆ, ಬಡ್ತಿಗೆ, ದೊಡ್ಡವರ ಪರಿಚಯಕ್ಕೆ ಅಂತ ಇದ್ದರೆ ಈಗಲೇ ಬಿಟ್ಟುಬಿಡಿ. ದುಡ್ಡಿನ ಆಸೆಗೆ ಬಂದಿಲ್ಲ ಅಂತ ಮೊದಲ ದಿನವೇ ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಪರಿಚಯ ಬೆಳೆಸಿ ಕೆಲಸ ಮಾಡಬೇಕು ಅನ್ನುವವರಿಗೆ ರೋಟರಿ, ಲಯನ್ಸ್ ವಾಸಿ. ಸೇವೆಯಂತೂ ಅವರು ನಮಗಿಂತ ಚುರುಕಾಗಿ ಮಾಡುತ್ತಾರೆ. ನಮ್ಮವರದೂ ಕೊಯಮತ್ತೂರಿನಲ್ಲಿ ಮಕ್ಕಳ ಆಸ್ಪತ್ರೆ, ದೆಹಲಿಯ ವಸಂತ್ ಕುಂಜ್‌ನಲ್ಲಿ ಶಾಲೆ ಅಂತ ಇದೆ, ಆದರೆ ಅದಕ್ಕೋಸ್ಕರ ಯಾರೂ ಏಪ್ರನ್ ಕಟ್ಟಬೇಕಿಲ್ಲ. ನನಗೆ ಸಿಕ್ಕಿದ್ದು ಏನು ಅಂದರೆ, ನನ್ನ ಕೆಲಸಕ್ಕೂ ಜಾತಿಗೂ ಸಂಬಂಧವೇ ಇಲ್ಲದ ಹದಿನೈದು ಇಪ್ಪತ್ತು ಸ್ನೇಹಿತರು. ನಮ್ಮಪ್ಪ ತೀರಿಕೊಂಡಾಗ ಆಸ್ಪತ್ರೆಯ ಕಾಗದ ಪತ್ರಕ್ಕೆ ಓಡಾಡಿದವರು ಒಬ್ಬ ಪಾರ್ಸಿ ಮುದುಕರು ಮತ್ತು ಶಿವಾಜಿನಗರದ ಒಬ್ಬ ಗುಜರಿ ವ್ಯಾಪಾರಿ. ಲಾಡ್ಜ್ ಇಲ್ಲದಿದ್ದರೆ ಇಬ್ಬರ ಹೆಸರೂ ನನಗೆ ತಿಳಿಯುತ್ತಿರಲಿಲ್ಲ.

ಹೆಂಡತಿಯನ್ನು ಒಪ್ಪಿಸಿ ಅಂತ ನಾನು ಹೇಳುವುದಿಲ್ಲ. ಮೊದಲು ಅವರನ್ನು ಒಂದು ಕುಟುಂಬದ ಊಟಕ್ಕೆ ಕರೆದುಕೊಂಡು ಹೋಗಿ. ವಾಪಸ್ ಬರುವಾಗ ಗಾಡಿಯಲ್ಲಿ ಅವರು ಏನು ಹೇಳುತ್ತಾರೋ ಅದನ್ನು ನಂಬಿ. ಆಮೇಲೂ ಬೇಡ ಅಂದರೆ ಬೇಡ. ಇನ್ನು ಐದು ವರ್ಷ ಬಿಟ್ಟು ಕೇಳಿದರೂ ಬಾಗಿಲು ಇದ್ದಲ್ಲೇ ಇರುತ್ತದೆ.

ಎಲ್ಲಾ ಸರಿಹೋಗಿ ದೀಕ್ಷೆಯ ದಿನ ಬಂದರೆ, ಹೊಟ್ಟೆಗೆ ಸ್ವಲ್ಪ ಏನಾದರೂ ಹಾಕಿಕೊಂಡು ಹೋಗಿ, ಊಟ ತಡವಾಗುತ್ತದೆ. ಸಡಿಲವಾದ ಪ್ಯಾಂಟ್ ಹಾಕಿಕೊಳ್ಳಿ. ಮೈಮೇಲೆ ಲೋಹ ಇರಬಾರದು, ಆದ್ದರಿಂದ ವಾಚು, ಚಿಲ್ಲರೆ, ಸರ ಎಲ್ಲಾ ಮನೆಯಲ್ಲೇ ಬಿಡಿ. ಉಂಗುರ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ತೆಗೆದಿಡಿ. ಒಬ್ಬರ ಉಂಗುರಕ್ಕೆ ಬಾಗಿಲು ಕಾಯುವ ಅಣ್ಣ ಹದಿನೈದು ನಿಮಿಷ ಸೋಪು ಹಚ್ಚಿ ತಿರುಗಿಸಿದ್ದು, ಒಳಗೆ ನಾವೆಲ್ಲ ಕೋಟು ಹಾಕಿಕೊಂಡು ಬೆವರುತ್ತಾ ಕಾದಿದ್ದು ಇನ್ನೂ ಮರೆತಿಲ್ಲ. ಬೆಳ್ಳಿ ಉಡಿದಾರ ಕಟ್ಟು ಅಂತ ಮನೆಯಲ್ಲಿ ಪದ್ಧತಿ ಇದ್ದರೆ ಅದನ್ನೂ ಮುಂಚೆಯೇ ಹೇಳಿಬಿಡಿ, ಅದೂ ಲೋಹವೇ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಒಳಗೆ ಒಂದು ಗಳಿಗೆಯಲ್ಲಿ ನೀವು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಲು ಹೋಗುತ್ತೀರಿ, ಆಗ ತಾನಾಗೇ ತಿಳಿಯುತ್ತದೆ.